ಮೂರು ಬಾರಿ ಹದಿನೆಂಟು

ಅಮ್ಮನ ಎಡಗೈ ಬೆರಳಿಗೆ ಕ್ಲಿಪ್ ಸಿಕ್ಕಿಸಿದ್ದರು. ಕ್ಲಿಪ್ಪಿಗೆ ವೈರು, ವೈರಿನ ತುದಿಗೆ ಪುಟ್ಟ ಪರದೆ, ಪರದೆಯ ಮೇಲೆ ಎರಡು ಸಂಖ್ಯೆ: ನಾಡಿ ಎಷ್ಟು, ರಕ್ತದಲ್ಲಿ ಆಕ್ಸಿಜನ್ ಎಷ್ಟು. ಇಷ್ಟೆಲ್ಲ ಇದ್ದೂ ಆ ಹಿರಿಯ ಸಿಸ್ಟರ್ ಬಂದವರೇ ಅಮ್ಮನ ಬಲಗೈ ಮಣಿಕಟ್ಟು ಹಿಡಿದುಕೊಂಡು, ಎದೆಯ ಜೇಬಿಗೆ ಪಿನ್ ಮಾಡಿ ತಲೆಕೆಳಗಾಗಿ ನೇತುಹಾಕಿದ್ದ ಗಡಿಯಾರದ ಕಡೆ ಬಗ್ಗಿ ಪೂರ್ತಿ ಒಂದು ನಿಮಿಷ ನಿಂತರು. ಮುಖದಲ್ಲಿ ನಗುವಿಲ್ಲ. ನಾಡಿ ಎಂಬತ್ತಾರು ಎಂದು ಪರದೆ ತೋರಿಸುತ್ತಿರುವಾಗ ಮಣಿಕಟ್ಟಿನಲ್ಲಿ ಹುಡುಕುವುದೇನಿದೆ? ಮನೆಯವರು ನೋಡುತ್ತಿದ್ದಾರೆಂದು ಆಡುವ ನಾಟಕ ಇದು ಎಂದುಕೊಂಡೆ. ಆ ಆಸ್ಪತ್ರೆಯಲ್ಲಿ ನನಗೆ ಬಂದ ಮೊದಲ ಅನುಮಾನ ಅದಲ್ಲ, ಆದರೆ ನನ್ನನ್ನು ದಾರಿ ತಪ್ಪಿಸಿದ ಮೊದಲ ಅನುಮಾನ ಅದೇ.

ಬನಶಂಕರಿಯ ನಮ್ಮ ಮನೆಯಲ್ಲಿರುವುದು ಅಮ್ಮ ಮತ್ತು ನಾನು, ಇಬ್ಬರೇ. ಅಮ್ಮ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಮೊದಲೇ ಗೊತ್ತಿದ್ದರೂ ಹಬ್ಬದ ಆರ್ಡರ್ ಮುಗಿಯಲಿ, ಮದುವೆ ಸೀಸನ್ ಕಳೆಯಲಿ ಎಂದು ಮುಂದೂಡುತ್ತ ಬಂದು, ಒಂದು ಮಂಗಳವಾರ ಬೆಳಿಗ್ಗೆ ಹೊಲಿಗೆ ಯಂತ್ರದ ಮೇಲೆಯೇ ತಲೆಯಿಟ್ಟು ನರಳತೊಡಗಿದಳು. ಆಟೋ ಹಿಡಿದು ಜೆ.ಪಿ. ನಗರದ ಆ ನಾಲ್ಕಂತಸ್ತಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸಣ್ಣ ತೂತು ಮಾಡಿ ತೆಗೆಯುತ್ತೇವೆ ಎಂದು ಒಳಗೆ ಕರೆದೊಯ್ದವರು, ಸೋಂಕು ಹೆಚ್ಚಾಗಿದೆ ಎಂದು ಹೊಟ್ಟೆಯನ್ನೇ ಕೊಯ್ದರು. ತೂತಿನಲ್ಲಿ ಯಾಕೆ ಆಗಲಿಲ್ಲ ಎಂದು ಸರ್ಜನ್ನರನ್ನು ಮೂರು ಬಗೆಯಲ್ಲಿ ಕೇಳಿದೆ. ಮೂರಕ್ಕೂ ಒಂದೇ ಉತ್ತರ ಬಂತು. ಒಂದೇ ಉತ್ತರ ಬಂದರೆ ಅದು ನಿಜವಿರಬಹುದು. ಬಾಯಿಪಾಠವೂ ಇರಬಹುದು.

ಹೀಗೆ ಯೋಚಿಸುವುದು ನನಗೆ ಅಂಟಿಕೊಂಡದ್ದು ಜಯನಗರದ ಕಾಲೇಜಿನಲ್ಲಿ, ಚರ್ಚಾ ತಂಡದಲ್ಲಿದ್ದಾಗ. ಯಾರಾದರೂ ಏನಾದರೂ ಹೇಳಿದರೆ ಅದು ನಿಜವೇ ಎಂದು ಆಮೇಲೆ ನೋಡು, ಹೇಳುವುದರಿಂದ ಅವರಿಗೇನು ಲಾಭ ಎಂದು ಮೊದಲು ನೋಡು ಎಂದು ನಮಗೆ ತರಬೇತಿ ಕೊಟ್ಟಿದ್ದರು. ಕೊನೆಯ ವರ್ಷ ನಾನು ವಾದಿಸಿ ಗೆದ್ದ ವಿಷಯ, ಸಂಸ್ಥೆಗೆ ನಿಷ್ಠೆ ಎಂಬುದು ಬೇರೆ ದಾರಿಯಿಲ್ಲದವರು ತಮಗೆ ತಾವೇ ಕೊಟ್ಟುಕೊಳ್ಳುವ ಪದಕ ಎಂಬುದು. ಕೆಲಸ ಬಲ್ಲವರು ಹೊರಟುಹೋಗುತ್ತಾರೆ, ಬಾರದವರು ಉಳಿಯುತ್ತಾರೆ, ಉಳಿದವರನ್ನು ಸಂಸ್ಥೆ ನಿಷ್ಠಾವಂತರೆಂದು ಕರೆಯುತ್ತದೆ. ಎದುರಾಳಿಗಳು ಅಜ್ಜಿ ತಾತಂದಿರ ಉದಾಹರಣೆ ಕೊಟ್ಟು ಸೋತರು.

ಆ ವಾದಕ್ಕೆ ತಕ್ಕ ಮುಖ ಆಸ್ಪತ್ರೆಯ ಗೋಡೆಯ ಮೇಲೆ ಸಿಕ್ಕಿತು. ಮೂರನೇ ಮಹಡಿಯ ವಾರ್ಡಿನಲ್ಲಿ ಸಿಸ್ಟರುಗಳು ಕೂರುವ ಮೇಜಿನ ಎದುರಿಗೆ ‘ನಮ್ಮ ಕುಟುಂಬದ ಆಧಾರಸ್ತಂಭಗಳು’ ಎಂದು ಒಂದು ಬೋರ್ಡು. ಹತ್ತು ವರ್ಷ ದಾಟಿದ ಸಿಬ್ಬಂದಿಯ ಫೋಟೋಗಳು. ಇದ್ದದ್ದೇ ಮೂರು. ಒಂದು ಲ್ಯಾಬಿನವರದು, ಒಂದು ಲಿಫ್ಟಿನವರದು, ಮೂರನೆಯದು ನಮ್ಮ ಈ ಹಿರಿಯ ಸಿಸ್ಟರದು, ಹದಿಮೂರು ವರ್ಷ. ಫೋಟೋದಲ್ಲೂ ನಕ್ಕಿರಲಿಲ್ಲ. ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಹತ್ತು ವರ್ಷ ನಿಂತ ಸಿಸ್ಟರ್ ಒಬ್ಬರೇ ಎಂಬುದು ಹೆಮ್ಮೆಯ ವಿಷಯವೋ ದೂರಿನ ವಿಷಯವೋ ಎಂದು ಬೋರ್ಡು ಹಾಕಿದವರು ಯೋಚಿಸಿದಂತಿರಲಿಲ್ಲ.

ಆಪರೇಷನ್ ಆದ ಮರುದಿನ ಮಾವ, ಎಂದರೆ ಅಮ್ಮನ ತಮ್ಮ, ಸುದ್ದಗುಂಟೆಪಾಳ್ಯದಿಂದ ನನಗೆ ಊಟ ತಂದ. ಬೋರ್ಡು ನೋಡಿಕೊಂಡೇ ಒಳಗೆ ಬಂದಿದ್ದ.

“ಹದಿಮೂರು ವರ್ಷ ಒಂದೇ ಕಡೆ! ಇಂಥೋರು ಇದ್ರೆ ಕಣ್ಮುಚ್ಕೊಂಡು ನಂಬಬಹುದು ಕಣೆ.”

“ನಂಬೋಕೆ ಕಣ್ ಯಾಕ್ ಮುಚ್ಬೇಕು ಮಾವ? ಅಲ್ಲೇ ಗೊತ್ತಾಗಲ್ವಾ?”

“ಶುರು ಆಯ್ತು. ಅವರು ಹುಳಿಮಾವಿನೋರಂತೆ, ಸೆಕ್ಯೂರಿಟಿಯವನು ಹೇಳ್ದ. ಕೆರೆ ಹತ್ರ ಸ್ವಂತ ಬಿಲ್ಡಿಂಗು, ತುಂಬಾ ಬಾಡಿಗೆ ಮನೆ. ಕೂತ್ಕೊಂಡು ತಿನ್ಬಹುದು. ಆದ್ರೂ ಡ್ಯೂಟಿಗೆ ಬರ್ತಾರೆ ನೋಡು.”

“ಅದೇ ಡೌಟು. ಬೇಕಿಲ್ಲದೋರು ಯಾಕ್ ಬರ್ತಾರೆ? ಏನೋ ಹಿಡಿತ ಇರ್ಬೇಕು. ಮ್ಯಾನೇಜ್‌ಮೆಂಟ್ ಕಣ್ಣು ಕಿವಿ ಅವರೇ ಇರ್ಬೇಕು.”

“ನಿನ್ ಹತ್ರ ಮಾತಾಡೋದೂ ಒಂದೇ, ಸಿಗ್ನಲ್ ಇಲ್ಲದ ಫೋನಲ್ಲಿ ಮಾತಾಡೋದೂ ಒಂದೇ.”

ಅಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗದರಿದಳು. “ಇಬ್ರೂ ಆಚೆ ಹೋಗಿ ಆಡ್ಕೊಳ್ರಪ್ಪಾ. ನಗು ಬರ್ಸಿದ್ರೆ ಹೊಲಿಗೆ ಎಳಿಯತ್ತೆ. ಮೊದ್ಲೇ ಎಷ್ಟು ದೂರ ದೂರ ಹಾಕಿದಾರೆ ನೋಡು. ನಾನಾಗಿದ್ರೆ ಸಣ್ಣಗೆ ಹಾಕ್ತಿದ್ದೆ.”

ಸಂಜೆ ಆ ಸಿಸ್ಟರ್ ಡ್ರಿಪ್ಪಿನ ಸೂಜಿ ಬದಲಿಸಲು ಬಂದರು. ಅಮ್ಮನ ಕೈಯಲ್ಲಿ ನರ ಸಿಗಲು ಎರಡು ಸಲ ಚುಚ್ಚಬೇಕಾಯಿತು. ಮನಸ್ಸಿನಲ್ಲೇ ಒಂದು ಅಂಕ ಕಳೆದೆ. ಕಂಪ್ಯೂಟರಿನಲ್ಲಿ ಔಷಧಿಯ ಹೆಸರು ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತುತ್ತಿದ್ದುದನ್ನು ಕಂಡು ಇನ್ನೊಂದು ಕಳೆದೆ. ಕೇಳಿಯೇಬಿಡೋಣ ಎನಿಸಿತು.

“ಸಿಸ್ಟರ್, ಇಷ್ಟು ವರ್ಷ ಇಲ್ಲೇ ಇದೀರಲ್ಲ, ಬೇರೆ ಕಡೆ ಹೋಗ್ಬೇಕು ಅನ್ಸಿಲ್ವಾ?”

“ಎಲ್ಲಿಗೆ?”

“ಎಲ್ಲಿಗಾದ್ರೂ. ಮನೇಲೇ ಇರ್ಬಹುದಲ್ವಾ?”

“ಮನೇಲಿ ಕೂತ್ರೆ ಬಾಡಿಗೆಯೋರ ನೀರಿನ ಜಗಳ ಕೇಳ್ಬೇಕಮ್ಮ. ಇಲ್ಲಿ ವಾಸಿ,” ಎಂದವರು ಮತ್ತೆ ಅಮ್ಮನ ಮಣಿಕಟ್ಟು ಹಿಡಿದು ನಿಂತರು.

ಕೇಳಿದ್ದಕ್ಕೆ ಉತ್ತರ ಕೊಡದೆ ತಮಾಷೆ ಮಾಡಿ ಜಾರಿಕೊಳ್ಳುವವರನ್ನು ವೇದಿಕೆಯ ಮೇಲೆ ಬಹಳ ನೋಡಿದ್ದೆ.

ಅವರಿಗೆ ಪೂರ್ತಿ ವಿರುದ್ಧ, ಬೆಳಗಿನ ಪಾಳಿಯ ಚಿಕ್ಕ ಸಿಸ್ಟರ್. ಕೊಳ್ಳೇಗಾಲದ ಕಡೆಯ ಹುಡುಗಿ, ಬಿಟಿಎಂ ಲೇಔಟಿನ ಪಿ.ಜಿ.ಯಲ್ಲಿ ಇದ್ದಳು. ಮೂರನೇ ದಿನ ಬೆಳಿಗ್ಗೆ ಅಮ್ಮನ ಕೈ ಊದಿಕೊಂಡಿದ್ದನ್ನು ಕಂಡು ಸೂಜಿ ಕಿತ್ತು ಇನ್ನೊಂದು ಕೈಗೆ ಹಾಕಿದಳು. ಒಂದೇ ಸಲಕ್ಕೆ. ಅಮ್ಮನಿಗೆ ಗೊತ್ತೇ ಆಗಲಿಲ್ಲ. ಯಾವ ಔಷಧಿ ಯಾಕೆ ಎಂದು ಕೇಳುವ ಮೊದಲೇ ಹೇಳುತ್ತಿದ್ದಳು.

“ಅಕ್ಕಾ, ನಾನು ನೋಟಿಸ್ ಕೊಟ್ಟಾಯ್ತು. ತಿಂಗಳ ಕೊನೆಗೆ ಔಟ್. ಜರ್ಮನಿ. ಸಂಜೆ ಹೊತ್ತು ಭಾಷೆ ಕ್ಲಾಸಿಗೆ ಹೋಗ್ತಿದೀನಿ. ಇಲ್ಲಿ ಯಾರ್ ಇರ್ತಾರೆ ಹೇಳಿ. ಹದಿನಾಲ್ಕು ಪೇಷಂಟು, ನಾನೊಬ್ಳು.”

ಎಂಥ ನೇರ ಮಾತು! ಹೊರಟು ನಿಂತವಳಿಗೆ ಆಸ್ಪತ್ರೆಯ ಪರ ಸುಳ್ಳು ಹೇಳಿ ಆಗಬೇಕಾದದ್ದು ಏನೂ ಇಲ್ಲ. ನನ್ನ ಲೆಕ್ಕದಲ್ಲಿ ನಂಬಬಹುದಾದ ಸಾಕ್ಷಿ ಅವಳೇ. ಮಂಚದ ಕಾಲಿನ ಕಡೆ ನೇತುಹಾಕಿದ್ದ ಚಾರ್ಟಿನ ಫೋಟೋ ತೆಗೆದುಕೊಳ್ಳಲೇ ಎಂದು ಕೇಳಿದರೆ, “ತಗೊಳ್ಳಿ ಅಕ್ಕಾ, ನಂಗೇನು,” ಎಂದು ನಕ್ಕಳು. ಎಂಟು ಗಂಟೆಗೆ, ಹತ್ತಕ್ಕೆ, ಹನ್ನೆರಡಕ್ಕೆ ಬಂದು ಜ್ವರ, ಬಿ.ಪಿ., ನಾಡಿ, ಉಸಿರು ಬರೆದಳು. ಮೂರು ಸಲವೂ ಫೋಟೋ ತೆಗೆದೆ. ಮಣಿಕಟ್ಟು ಹಿಡಿಯುವ ನಾಟಕ ಇವಳಲ್ಲಿ ಇರಲಿಲ್ಲ. ಎರಡೇ ನಿಮಿಷದಲ್ಲಿ ಮುಗಿಸಿ ಮುಂದಿನ ಮಂಚಕ್ಕೆ ಹೋಗುತ್ತಿದ್ದಳು. ಕೆಲಸ ಬಲ್ಲವರ ಚುರುಕು ಎಂದುಕೊಂಡೆ.

ಆ ಬೆಳಿಗ್ಗೆ ಅಮ್ಮ ಉಪ್ಪಿಟ್ಟು ಬೇಡವೆಂದಳು. ಬೆನ್ನು ಹಿಡಿದುಕೊಂಡಂತಿದೆ ಎಂದಳು. ಮಲಗಿ ಮಲಗಿ ಹಾಗಾಗಿರಬೇಕೆಂದು ದಿಂಬು ಸರಿಮಾಡಿದೆ.

ಎರಡು ಗಂಟೆಗೆ ಪಾಳಿ ಬದಲಾಗುತ್ತದೆ. ಹೋಗುವ ಸಿಸ್ಟರ್ ಬರುವ ಸಿಸ್ಟರಿಗೆ ಪ್ರತಿ ಮಂಚದ ಪಕ್ಕದಲ್ಲೂ ನಿಂತು ಆ ರೋಗಿಯ ಕಥೆಯನ್ನು ಒಪ್ಪಿಸಬೇಕು. ನಮ್ಮ ಮಂಚದ ಬಳಿ ಬಂದಾಗ ಚಿಕ್ಕವಳು ಪಟಪಟನೆ ಹೇಳಿದಳು: “ಪೋಸ್ಟ್ ಆಪ್, ಎರಡನೇ ದಿನ. ಬಿ.ಪಿ. ನಾರ್ಮಲ್, ಜ್ವರ ಇಲ್ಲ, ಉಸಿರು ಹದಿನೆಂಟು. ಎಲ್ಲಾ ಸ್ಟೇಬಲ್ ಸಿಸ್ಟರ್.”

ಹಿರಿಯವರು ಅಮ್ಮನ ಮಣಿಕಟ್ಟು ಹಿಡಿದುಕೊಂಡು ಗಡಿಯಾರದ ಕಡೆ ಬಗ್ಗಿದರು. ಒಂದು ನಿಮಿಷ. ಮತ್ತೊಂದು ನಿಮಿಷ. ಚಾರ್ಟಿನಲ್ಲಿ ಏನೋ ಬರೆದು, ಚಿಕ್ಕವಳಿಗೆ “ಉಳಿದೋರ್ದು ಆಮೇಲೆ” ಎಂದು ಹೇಳಿ, ಮೇಜಿನ ಫೋನಿನತ್ತ ನಡೆದರು. ಓಡಲಿಲ್ಲ. ಆದರೆ ಚಪ್ಪಲಿಯ ಸದ್ದು ಬೇರೆಯಾಗಿತ್ತು. ನಾನು ಚಾರ್ಟು ನೋಡಿದೆ. ಉಸಿರು: ನಿಮಿಷಕ್ಕೆ ಇಪ್ಪತ್ತೆಂಟು.

ವಾಪಸ್ ಬಂದಾಗ ಅವರ ಕೈಯಲ್ಲಿ ಒಂದು ಕಾಗದವಿತ್ತು.

“ನೋಡಿಮ್ಮ, ಡಾಕ್ಟರ್ ಆಪರೇಷನ್ ಥಿಯೇಟರಲ್ಲಿ ಇದಾರೆ. ಫೋನಲ್ಲಿ ಹೇಳ್ದೆ. ಐಸಿಯುಗೆ ಶಿಫ್ಟ್ ಮಾಡಿ, ಮುಗಿಸ್ಕೊಂಡು ಅಲ್ಲಿಗೇ ಬರ್ತೀನಿ ಅಂದ್ರು. ಇಲ್ಲೊಂದು ಸೈನ್ ಮಾಡಿ.”

“ಯಾಕೆ?”

“ಉಸಿರು ಜಾಸ್ತಿ ಆಗಿದೆ.”

ನಾನು ಕಾಯುತ್ತಿದ್ದದ್ದೇ ಇಂಥ ಗಳಿಗೆಗೆ. ಐಸಿಯು ಎಂಬ ಪದ ಕೇಳಿದರೆ ಈ ಊರಿನಲ್ಲಿ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಖಾಲಿ ಮಂಚ, ಇನ್ಷೂರೆನ್ಸ್ ಇರುವ ರೋಗಿ, ಹದಿಮೂರು ವರ್ಷದ ನಿಷ್ಠಾವಂತ ಸಿಸ್ಟರ್. ನನ್ನ ವಾದ ತಾನಾಗಿಯೇ ಜೋಡಿಸಿಕೊಂಡಿತು. ಫೋನು ತೆಗೆದು ಫೋಟೋಗಳನ್ನು ಅವರ ಮುಖಕ್ಕೆ ಹಿಡಿದೆ.

“ಎಂಟಕ್ಕೆ ಹದಿನೆಂಟು. ಹತ್ತಕ್ಕೆ ಹದಿನೆಂಟು. ಹನ್ನೆರಡಕ್ಕೆ ಹದಿನೆಂಟು. ನೀವು ಬಂದ್ರಿ, ಇಪ್ಪತ್ತೆಂಟು. ಅಮ್ಮನಿಗೆ ಏನಾಯ್ತು, ನೀವು ಬಂದ್ರಿ ಅಂತ ಗಾಬರಿ ಆಯ್ತಾ?”

“ಮೂರು ಸಲವೂ ಹದಿನೆಂಟು. ಅದೇ ನೋಡಿ,” ಎಂದರು ಸಿಸ್ಟರ್.

“ಏನ್ ನೋಡೋದು? ಪರದೆ ನೋಡಿ. ಆಕ್ಸಿಜನ್ ತೊಂಬತ್ತೈದು. ನಿನ್ನೆ ನೀವೇ ಹೇಳಿದ್ರಿ, ತೊಂಬತ್ತನಾಲ್ಕರ ಮೇಲಿದ್ರೆ ಓಕೆ ಅಂತ.”

“ಆ ತೊಂಬತ್ತೈದು ಉಳಿಸ್ಕೊಳ್ಳೋಕೆ ಅವರು ಒಳಗೆ ಎಷ್ಟು ಓಡ್ತಿದಾರೆ ಅನ್ನೋದು ಪರದೇಲಿ ಬರಲ್ಲಮ್ಮ.”

ಒಳ್ಳೆಯ ವಾಕ್ಯ. ಒಳ್ಳೆಯ ವಾಕ್ಯಗಳನ್ನು ನಂಬಬಾರದು ಎಂಬುದು ಒಳ್ಳೆಯ ವಾಕ್ಯಗಳನ್ನು ಕಟ್ಟುವವರಿಗೇ ಚೆನ್ನಾಗಿ ಗೊತ್ತು. ಇನ್ನೊಬ್ಬ ಡಾಕ್ಟರನ್ನು ಕರೆಸಿ ಎಂದೆ. ವಾರ್ಡಿನ ಡಾಕ್ಟರ್ ಕೆಳಗೆ ಎಮರ್ಜೆನ್ಸಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಎಂದರು. ಅನುಕೂಲಕ್ಕೆ ತಕ್ಕ ಹಾಗೆ ಎಲ್ಲರೂ ಬ್ಯುಸಿ ಎಂದೆ. ಮಾವನಿಗೆ ಫೋನ್ ಮಾಡಿದೆ. “ಸೈನ್ ಮಾಡೇ ಮಾರಾಯ್ತಿ!” ಎಂದು ಅವನು ಕಿರುಚಿದ. ಅವನು ಕಣ್ಣು ಮುಚ್ಚಿಕೊಂಡು ನಂಬುವವನು, ಅವನ ಮತ ಲೆಕ್ಕಕ್ಕಿಲ್ಲ ಎಂದು ಇಟ್ಟುಬಿಟ್ಟೆ. ಚಿಕ್ಕ ಸಿಸ್ಟರ್ ಎಲ್ಲಿ ಎಂದು ನೋಡಿದೆ. ಅವಳು ಮೂರು ಮಂಚ ಆಚೆ, ನಮ್ಮ ಕಡೆ ಬೆನ್ನು ಮಾಡಿ, ಒಂದು ಬಾಟಲಿಯ ಮೇಲಿನ ಚೀಟಿಯನ್ನು ಬಹಳ ಹೊತ್ತು ಓದುತ್ತಿದ್ದಳು.

“ನಾನೇ ಎಣಿಸ್ತೀನಿ,” ಎಂದೆ ಕೊನೆಗೆ.

“ಎಣಿಸಿ,” ಎಂದರು ಸಿಸ್ಟರ್.

“ಅಮ್ಮ, ನಿನ್ ಉಸಿರು ಎಣಿಸ್ತೀನಿ. ಆರಾಮಾಗಿ ಇರು.”

“ನಂಗೇನೂ ಆಗಿಲ್ಲ ಕಣೆ,” ಎಂದಳು ಅಮ್ಮ, ಪದಪದಕ್ಕೂ ಉಸಿರಿಗಾಗಿ ತಡೆದು. ಆಮೇಲೆ ಪರೀಕ್ಷೆಗೆ ಕೂತವರಂತೆ ಕಣ್ಣು ಮುಚ್ಚಿ ನೀಳವಾಗಿ ಉಸಿರೆಳೆದಳು. ಗೋಡೆಯ ಗಡಿಯಾರ ನೋಡುತ್ತ ಎಣಿಸಿದೆ. ಒಂದು ನಿಮಿಷಕ್ಕೆ ಹತ್ತೊಂಬತ್ತು.

ಆ ಕ್ಷಣದಲ್ಲಿ ನನಗಾದದ್ದನ್ನು ಮುಚ್ಚಿಡುವುದಿಲ್ಲ. ಸಂತೋಷವಾಯಿತು. ಅಮ್ಮ ಚೆನ್ನಾಗಿದ್ದಾಳೆ ಎಂಬುದಕ್ಕಿಂತ ನಾನು ಗೆದ್ದೆ ಎಂಬುದಕ್ಕೆ.

“ಹತ್ತೊಂಬತ್ತು. ಈಗ?”

ಸಿಸ್ಟರಿಗೆ ಸಿಟ್ಟು ಬರಲಿಲ್ಲ. ನನ್ನ ತೋಳು ಹಿಡಿದು ಮಂಚದಿಂದ ನಾಲ್ಕು ಹೆಜ್ಜೆ ಆಚೆಗೆ ಕರೆದುಕೊಂಡು ಹೋಗಿ, ಅಮ್ಮನಿಗೆ ಕೇಳಿಸದ ಹಾಗೆ ಹೇಳಿದರು. ಅಷ್ಟು ಹೊತ್ತಿಗೆ ಬಹುವಚನ ಬಿಟ್ಟಿದ್ದರು.

“ಉಸಿರು ಎಣಿಸ್ತೀನಿ ಅಂತ ಹೇಳಿದ್ರೆ ಯಾರೂ ತಮ್ಮ ಉಸಿರು ಆಡಲ್ಲ. ನಿನಗೆ ಬೇಕಾದ ಉಸಿರು ಆಡ್ತಾರೆ. ನಿಮ್ಮಮ್ಮ ನಿನಗೋಸ್ಕರ ಒಂದು ನಿಮಿಷ ಬಿಗಿ ಹಿಡ್ಕೊಂಡ್ರು. ಈಗ ಹೋಗಿ ಕೈ ಹಿಡ್ಕೋ, ನಾಡಿ ನೋಡ್ತೀನಿ ಅನ್ನು. ಗಡಿಯಾರ ನೋಡು. ಮುಖ ನೋಡ್ಬೇಡ. ಎದೆ ಮೇಲೆ ಹೊದಿಕೆ ಅಂಚು ಇದೆಯಲ್ಲ, ಅದು ಎಷ್ಟು ಸಲ ಏಳತ್ತೆ ಅಂತ ಕಣ್ಣಂಚಲ್ಲಿ ಎಣಿಸು.”

ಹೋದೆ. ಕೈ ಹಿಡಿದೆ. “ನಾಡಿ ನೋಡ್ತೀನಮ್ಮ,” ಎಂದೆ. ಅಮ್ಮ ಉಸಿರನ್ನು ಮರೆತಳು, ಕಿಟಕಿಯ ಕಡೆ ತಿರುಗಿದಳು. ಹೊದಿಕೆಯ ಅಂಚು ಏಳತೊಡಗಿತು. ಹತ್ತು ಸೆಕೆಂಡಿಗೆ ಐದು. ಇಪ್ಪತ್ತಕ್ಕೆ ಹತ್ತು. ಕತ್ತಿನ ಬುಡದ ಗುಳಿ ಪ್ರತಿ ಸಲವೂ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಅದನ್ನು ಬೆಳಗಿನಿಂದ ನಾನು ನೋಡಿಯೇ ಇರಲಿಲ್ಲ. ಒಂದು ನಿಮಿಷಕ್ಕೆ ಮೂವತ್ತು. ನಂಬದೆ ಇನ್ನೊಂದು ನಿಮಿಷ ಎಣಿಸಿದೆ. ಮೂವತ್ತೊಂದು.

ಮಣಿಕಟ್ಟು ಹಿಡಿಯುವ ನಾಟಕ ನಾಟಕವೇ ಆಗಿತ್ತು. ಆದರೆ ಅದನ್ನು ಆಡುತ್ತಿದ್ದದ್ದು ನನಗಾಗಿ ಅಲ್ಲ, ಅಮ್ಮನಿಗಾಗಿ.

ಸಹಿ ಹಾಕಿದೆ. ಓದಿ ನೋಡದೆಯೇ ಕಾಗದವನ್ನು ಅವರ ಕೈಗಿಟ್ಟೆ. ಮಂಚವನ್ನು ತಳ್ಳಿಕೊಂಡು ಹೋಗುವಾಗ ಸಿಸ್ಟರ್ ಒಂದು ಕೈಯಲ್ಲಿ ಮಂಚದ ಸರಳು, ಇನ್ನೊಂದು ಕೈಯಲ್ಲಿ ಅಮ್ಮನ ಮಣಿಕಟ್ಟು ಹಿಡಿದಿದ್ದರು.

ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ. ಸ್ಕ್ಯಾನ್ ನೋಡಿ ಸರ್ಜನ್ನರು ಹೇಳಿದ್ದು ಅಷ್ಟು. “ಬೇಗ ಸಿಕ್ತು, ಪುಣ್ಯ,” ಎಂದರು. ಬೇಗ ಎಂದಾಗ ನಾನು ನೆಲ ನೋಡಿದೆ. ಅಮ್ಮ ಮೂರು ದಿನ ಐಸಿಯುವಿನಲ್ಲಿದ್ದಳು. ಗಾಜಿನ ಬಾಗಿಲಿನ ಆಚೆ ದಿನಕ್ಕೆರಡು ಸಲ, ಹತ್ತು ಹತ್ತು ನಿಮಿಷ ನೋಡಲು ಬಿಡುತ್ತಿದ್ದರು. ಉಳಿದ ಹೊತ್ತು ಮೆಟ್ಟಿಲ ಮೇಲೆ ಕೂತು ನನ್ನ ಫೋನಿನಲ್ಲಿದ್ದ ಮೂರು ಹದಿನೆಂಟುಗಳನ್ನು ನೋಡುತ್ತಿದ್ದೆ. ಒಂದೇ ಕೈಬರಹ, ಒಂದೇ ಇಂಕು, ಮೂರೂ ಎಷ್ಟು ದುಂಡಗೆ ಬರೆದಿದ್ದವು!

ಚಿಕ್ಕ ಸಿಸ್ಟರ್ ಆ ಮೆಟ್ಟಿಲಿಗೇ ಬಂದಳು. ಊಟದ ಡಬ್ಬಿ ಕೈಯಲ್ಲಿತ್ತು, ತೆರೆದಿರಲಿಲ್ಲ.

“ಅಕ್ಕಾ, ಆ ಫೋಟೋ ಡಿಲೀಟ್ ಮಾಡ್ತೀರಾ?”

“ನೀನು ಎಣಿಸಿದ್ಯಾ, ಅವತ್ತು?”

ಅವಳು ಗೋಡೆಗೆ ಒರಗಿದಳು. “ಒಬ್ಬೊಬ್ರಿಗೆ ಪೂರ್ತಿ ಒಂದೊಂದ್ ನಿಮಿಷ ನಿಂತ್ರೆ ಹದಿನಾಲ್ಕು ನಿಮಿಷ ಅದಕ್ಕೇ ಹೋಗತ್ತೆ ಅಕ್ಕಾ. ಎರಡು ಗಂಟೆಗೊಂದ್ ಸಲ. ಇಂಜೆಕ್ಷನ್ ಯಾರ್ ಕೊಡ್ತಾರೆ? ನೋಡೋಕೆ ಚೆನ್ನಾಗಿದ್ರೆ ಹದಿನೆಂಟು ಹಾಕ್ತೀವಿ. ಎಲ್ರೂ ಹಾಕ್ತಾರೆ. ಕಾಲೇಜಲ್ಲಿ ಎಣಿಸೋದು ಕಲಿಸಿದ್ರು. ಹದಿನೆಂಟು ಕಲ್ತಿದ್ದು ಇಲ್ಲಿ.”

“ಯಾರ್ ಹತ್ರ?”

“ಯಾರ್ ಹತ್ರ ಅಂತ ಹೇಳ್ಲಿ? ವಾರ್ಡ್ ಹತ್ರ. ಕಂಪ್ಲೇಂಟ್ ಕೊಟ್ರೆ ನಂಗೆ ಎಕ್ಸ್‌ಪೀರಿಯೆನ್ಸ್ ಲೆಟರ್ ಕೊಡಲ್ಲ. ಅದಿಲ್ದೆ ಅಲ್ಲಿ ತಗೊಳ್ಳಲ್ಲ ಅಕ್ಕಾ.”

ಫೋಟೋ ಅಳಿಸುತ್ತೇನೆ ಎನ್ನಲಿಲ್ಲ. ಅಳಿಸುವುದಿಲ್ಲ ಎಂದೂ ಹೇಳಲಿಲ್ಲ. ಅವಳು ನಂಬಬಹುದಾದ ಸಾಕ್ಷಿ ಎಂದಿದ್ದೆನಲ್ಲ, ಅದು ಈಗಲೂ ನಿಜವಾಗಿತ್ತು. ಅವಳು ನನಗೆ ಹೇಳಿದ ಒಂದು ಮಾತೂ ಸುಳ್ಳಾಗಿರಲಿಲ್ಲ, ಬರೆದದ್ದು ಮಾತ್ರ ಸುಳ್ಳು. ಸೂಜಿ ಹಾಕುವ ಕೈ ಅಷ್ಟು ಚೆನ್ನಾಗಿದ್ದರೆ ಸಂಖ್ಯೆ ಬರೆಯುವ ಕೈಯೂ ಚೆನ್ನಾಗಿರುತ್ತದೆ ಎಂದು ನಾನೇ ಊಹಿಸಿಕೊಂಡಿದ್ದೆ.

ಹಾಗಾದರೆ ಹಿರಿಯವರು? ವಾರ್ಡಿನ ಮೇಲುಸ್ತುವಾರಿ ಅವರದು. ಹದಿಮೂರು ವರ್ಷ ಅಲ್ಲೇ ಇರುವವರಿಗೆ ಕೈಕೆಳಗಿನವರೆಲ್ಲ ಹದಿನೆಂಟು ಬರೆಯುತ್ತಾರೆಂದು ಗೊತ್ತಿರಲಿಲ್ಲವೇ? ಅಮ್ಮ ವಾರ್ಡಿಗೆ ವಾಪಸ್ ಬಂದ ದಿನ ನೇರವಾಗಿ ಕೇಳಿದೆ.

“ಗೊತ್ತಿತ್ತು,” ಎಂದರು. “ನಾನಿದ್ದಾಗ ಎಣಿಸ್ತಾರೆ. ನಾನು ಇಲ್ದಿದ್ದಾಗ ಇಲ್ಲ.”

“ಮೇಲೆ ಹೇಳಿಲ್ವಾ?”

“ಹೇಳಿದೀನಿ. ಇನ್ನಿಬ್ರು ಸಿಸ್ಟರ್ಸ್ ಕೊಡಿ ಅಂತ. ಕೊಡ್ಲಿಲ್ಲ.”

“ಆದ್ರೂ ಇಲ್ಲೇ ಇದೀರ. ಅವರ ಬೋರ್ಡಲ್ಲಿ ನಿಮ್ ಫೋಟೋ.”

“ಫೋಟೋ ಅವರು ಹಾಕಿದ್ದು,” ಎಂದು ಔಷಧಿಯ ಗಾಡಿ ತಳ್ಳಿಕೊಂಡು ಹೋದರು. ಮತ್ತೆ ಅರ್ಧ ಉತ್ತರ. ಉಳಿದರ್ಧದಲ್ಲಿ ಏನಿತ್ತು ಎಂದು ನನಗೆ ತಿಳಿಯಲಿಲ್ಲ. ಬಿಟ್ಟುಹೋಗದೆ ನಿಲ್ಲುವುದರಿಂದ ಅವರು ಹದಿನಾಲ್ಕು ಮಂಚಗಳನ್ನು ಕಾಯುತ್ತಿದ್ದರೋ, ಹದಿನಾಲ್ಕು ಮಂಚಕ್ಕೆ ಒಬ್ಬಳು ಸಾಕು ಎನ್ನುವವರನ್ನು ಕಾಯುತ್ತಿದ್ದರೋ? ಎರಡೂ ಒಂದೇ ಕೆಲಸವಾಗಿರಬಹುದು ಎಂಬ ಅನುಮಾನ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಮನೆಗೆ ಹೋಗುವ ದಿನ ಟೈ ಕಟ್ಟಿದ ಒಬ್ಬರು ಬಂದರು. ರೋಗಿಗಳ ಸಂಬಂಧಿಕರನ್ನು ಮಾತನಾಡಿಸುವುದೇ ಅವರ ಕೆಲಸ. ನಾನು ದೂರಿನ ಅರ್ಜಿ ಕೇಳಿದ್ದು ಅವರಿಗೆ ತಲುಪಿತ್ತು.

“ಎಲ್ಲಾ ಚೆನ್ನಾಗೇ ಆಯ್ತಲ್ಲ ಮೇಡಂ. ಅಮ್ಮ ನಡ್ಕೊಂಡು ಓಡಾಡ್ತಿದಾರೆ. ಈಗ ಕಂಪ್ಲೇಂಟ್ ಯಾಕೆ?”

“ಉಸಿರು ಎಣಿಸದೆ ಬರೆದಿದಾರೆ. ನನ್ ಹತ್ರ ಫೋಟೋ ಇದೆ.”

“ಖಂಡಿತ ನೋಡ್ತೀವಿ.” ಕಡತ ತೆರೆದು ಒಂದು ಹಾಳೆಯನ್ನು ನನ್ನ ಕೈಗೆ ಕೊಡದೆ ತಾವೇ ಹಿಡಿದುಕೊಂಡು ಓದಿದರು. “ಸಿಸ್ಟರ್ ಬರೆದಿರೋ ನೋಟ್ ಇದು ಮೇಡಂ. ರೋಗಿಯ ಮಗಳು ಸಹಿ ಹಾಕಲು ಒಪ್ಪಲಿಲ್ಲ, ಹಲವು ಸಲ ವಿವರಿಸಲಾಯಿತು, ಮೂರು ಗಂಟೆ ಐದು ನಿಮಿಷಕ್ಕೆ ಒಪ್ಪಿದರು ಅಂತಿದೆ. ನಾವೇನೂ ಇದನ್ನ ದೊಡ್ಡದು ಮಾಡಲ್ಲ. ನೀವೂ ಮಾಡ್ಬೇಡಿ.”

ಬರೆದವರು ಹಿರಿಯ ಸಿಸ್ಟರ್. ಕೈ ಹಿಡಿದು ಎಣಿಸುವುದನ್ನು ಕಲಿಸಿದವರೇ ನನ್ನ ಮೇಲೆ ಒಂದು ಸಾಲು ಬರೆದಿಟ್ಟು, ಅದನ್ನು ಈ ಟೈಯವರ ಕೈಗೆ ಅಸ್ತ್ರವಾಗಿ ಕೊಟ್ಟಿದ್ದರು. ನಿಷ್ಠೆ ಅಂದರೆ ಇದೇ ನೋಡು ಎಂದುಕೊಂಡೆ. ಒಂದು ಕ್ಷಣ ಅರ್ಜಿಯನ್ನು ಹರಿದುಬಿಡಲು ಮನಸ್ಸಾಯಿತು. ನಾನು ವಾದ ಮಾಡಿದ್ದನ್ನು ಅಮ್ಮ ಕೇಳಿಸಿಕೊಂಡಿದ್ದಳು, ಅದರಿಂದ ಎಷ್ಟು ತಡವಾಯಿತೆಂದು ಅವಳಿಗೆ ಗೊತ್ತಿರಲಿಲ್ಲ. ಅರ್ಜಿಯಿಲ್ಲದಿದ್ದರೆ ಆ ಹಾಳೆಯನ್ನು ಯಾರೂ ತೆರೆಯುವುದಿಲ್ಲ, ಮುಂದೆಯೂ ಅವಳಿಗೆ ಗೊತ್ತಾಗುವುದಿಲ್ಲ.

ಆದರೆ ಆ ಸಾಲಿನಲ್ಲಿ ತಪ್ಪು ಯಾವುದು? ಎದುರಾಳಿಯ ವಾಕ್ಯ ಎಂದುಕೊಂಡು ಮೂರು ಸಲ ತಿರುವಿ ನೋಡಿದೆ. ಒಪ್ಪಲಿಲ್ಲ, ಹೌದು. ವಿವರಿಸಿದರು, ಹೌದು. ಆಮೇಲೆ ಒಪ್ಪಿ ಸಹಿ ಹಾಕಿದೆ, ಹೌದು. ಬೆರಳು ತೂರಿಸಲು ಒಂದು ಬಿರುಕೂ ಇರಲಿಲ್ಲ.

ಅಮ್ಮನ ಪಕ್ಕದ ಕುರ್ಚಿಯಲ್ಲಿ ಕೂತು ಅರ್ಜಿ ಬರೆದೆ. ಮೂರು ಹದಿನೆಂಟುಗಳ ಬಗ್ಗೆ ಬರೆದೆ. ಹೆಸರು ಹಾಕಲಿಲ್ಲ. ಹೆಸರಿಲ್ಲದಿದ್ದರೂ ತಾರೀಖು ಮತ್ತು ಪಾಳಿ ನೋಡಿದರೆ ಯಾರೆಂದು ತಿಳಿಯುತ್ತದೆಂದು ನನಗೆ ಗೊತ್ತಿತ್ತು, ಅದಕ್ಕೇ ಹದಿನಾಲ್ಕು ರೋಗಿಗಳಿಗೆ ಒಬ್ಬರೇ ಇದ್ದರು ಎಂಬುದನ್ನು ಅದಕ್ಕಿಂತ ಮೊದಲು ಬರೆದೆ. ಕೊನೆಯಲ್ಲಿ, ಎರಡೂವರೆಯಿಂದ ಮೂರು ಗಂಟೆ ಐದು ನಿಮಿಷದವರೆಗೆ ತಡವಾದದ್ದು ನನ್ನಿಂದ ಎಂದು ಬರೆದೆ.

“ಏನೇ ಅಷ್ಟುದ್ದ ಬರೀತಿದೀಯ?” ಎಂದಳು ಅಮ್ಮ.

ಓದಿ ಹೇಳಿದೆ. ಕೊನೆಯ ಸಾಲನ್ನೂ. ಅಮ್ಮ ಹೊದಿಕೆಯ ಅಂಚಿನ ದಾರ ಎಳೆದಳು. “ಅವತ್ತು ನಾನೇ ಏನಿಲ್ಲ ಏನಿಲ್ಲ ಅಂತಿದ್ದೆ,” ಎಂದಳು. ಅದು ಕ್ಷಮೆಯೋ, ತಪ್ಪಿನಲ್ಲಿ ಪಾಲು ತೆಗೆದುಕೊಳ್ಳುವುದೋ, ಕೇಳಲು ನನಗೆ ಧೈರ್ಯ ಬರಲಿಲ್ಲ.

ಅರ್ಜಿಯನ್ನು ಮೇಜಿನ ಬಳಿ ಕೊಡಬೇಕು. ಹಿರಿಯ ಸಿಸ್ಟರ್ ಅಲ್ಲಿದ್ದರು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಮೇಲುಸ್ತುವಾರಿಯ ಲೋಪ ಎಂಬ ಪದಗಳೂ ಅದರಲ್ಲಿದ್ದವು. ಅಲ್ಲಿ ಅವರ ಕಣ್ಣು ನಿಂತದ್ದನ್ನು ನೋಡಿದೆ. ಈಗ ಹುಡುಗಿಗಾಗಿ ಬೇಡುತ್ತಾರೆ, ಇಲ್ಲವೇ ಆಸ್ಪತ್ರೆಗಾಗಿ, ಇಲ್ಲವೇ ತಮಗಾಗಿ ಎಂದು ಕಾದೆ. ಮೂರಕ್ಕೂ ಉತ್ತರ ಸಿದ್ಧವಿತ್ತು.

ಅವರು ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

“ಎರಡೂವರೆ ಅಲ್ಲ. ನಾನು ಪೇಪರ್ ತಂದಿದ್ದು ಎರಡು ಇಪ್ಪತ್ತಕ್ಕೆ.”

“ಹತ್ತು ನಿಮಿಷ ತಾನೇ ಸಿಸ್ಟರ್?”

“ಹತ್ತು ನಿಮಿಷಾನೇ. ಸರಿಯಾಗಿ ಬರಿ.”

ಆ ಹತ್ತು ನಿಮಿಷ ಆಸ್ಪತ್ರೆಗೆ ಅನುಕೂಲ, ನನಗೆ ನಷ್ಟ. ಅದು ನಿಜವೂ ಹೌದು. ಯಾವ ಕಾರಣಕ್ಕೆ ಹೇಳಿದರು ಎಂದು ಅವರ ಮುಖ ನೋಡಿದೆ. ಅವರಾಗಲೇ ಪೆನ್ನಿನ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಿದ್ದರು. ಎರಡೂವರೆಯನ್ನು ಹೊಡೆದುಹಾಕಿ, ಮೇಲೆ ಎರಡು ಇಪ್ಪತ್ತು ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದೆ.